ಮುರಿದ ಕೈ, ನೋಡಲು ಬಂದ ಅಮ್ಮ

ಮಗಳನ್ನು ಕರಾಟೆ ಕ್ಲಾಸಿಗೆ ಬಿಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತಾಗೆಲ್ಲ ನನಗೆ ಜಪಾನಿನ ಕರಾಟೆ ಗುರು ಹಿರೊಕಾಜು ಕನಜಾವಾ ನೆನಪಾಗುತ್ತಾರೆ. 1957ರಲ್ಲಿ ಜಪಾನ್ ಕರಾಟೆ ಅಸೋಸಿಯೇಷನ್ನಿನ ಮೊದಲ ಅಖಿಲ ಜಪಾನ್ ಪಂದ್ಯಾವಳಿ. ಅದಕ್ಕೆ ಕೆಲವೇ ದಿನ ಮುಂಚೆ ಇವರ ಕೈ ಮುರಿದಿತ್ತು. ಹಿಂದೆ ಸರಿಯೋಣ ಅಂದುಕೊಂಡರೆ, ಮಗನ ಪಂದ್ಯ ನೋಡಲು ಅಮ್ಮ ಬಂದುಬಿಟ್ಟಿದ್ದಾರೆ! ಒಂದೇ ಕೈ, ಎರಡು ಕಾಲು. ಕುಮಿತೆ, ಅಂದರೆ ಎದುರಾಳಿಯ ಜೊತೆಗಿನ ಕಾದಾಟದ ವಿಭಾಗ, ಗೆದ್ದೇಬಿಟ್ಟರು. ಮರುವರ್ಷ ಫೈನಲ್ಲಿನಲ್ಲಿ ಎದುರಿಗೆ ಜೊತೆಯಲ್ಲೇ ಕಲಿತ ಗೆಳೆಯ ಮಿಕಾಮಿ. ಇಬ್ಬರಿಗೂ ಇನ್ನೊಬ್ಬರ ಪಟ್ಟು ಚೆನ್ನಾಗಿ ಗೊತ್ತು. ಸುತ್ತು ಹಾಕಿದ್ದೇ ಹಾಕಿದ್ದು, ಕೊನೆಗೆ ಇಬ್ಬರೂ ಜಂಟಿ ವಿಜೇತರು.

ಆಮೇಲಿನದು ಸೂಟ್‌ಕೇಸಿನ ಬದುಕು. 1961ರಲ್ಲಿ ಹವಾಯಿ, 1965ರಲ್ಲಿ ಬ್ರಿಟನ್, ನಂತರ ಜರ್ಮನಿ. 1978ರಲ್ಲಿ ತಮ್ಮದೇ ಅಂತಾರಾಷ್ಟ್ರೀಯ ಸಂಸ್ಥೆ ಕಟ್ಟಿ, ಎಪ್ಪತ್ತು ದಾಟಿದ ಮೇಲೂ ದೇಶ ದೇಶ ಸುತ್ತಿ ಕಲಿಸಿದರು. 2019ರಲ್ಲಿ ತೀರಿಕೊಂಡರು.

ನನ್ನನ್ನು ಕಾಡುವುದು ಮಾತ್ರ ಆ ಅಮ್ಮ. ಮಗನ ಕೈ ಕಂಡಾಗ ಏನಂದರೋ? ನಾನಾಗಿದ್ದರೆ ದರದರ ಎಳೆದುಕೊಂಡು ಮನೆಗೆ ಬರ್ತಿದ್ದೆ. ಮೊನ್ನೆ ಮಗಳ ಬೆರಳು ಚೂರು ಊದಿದ್ದಕ್ಕೇ ಅರಿಶಿನ ಹಚ್ಚಿ ಎರಡು ಕ್ಲಾಸ್ ತಪ್ಪಿಸಿದವಳು ನಾನು. ಅವಳಿನ್ನೂ ನನ್ನ ಜೊತೆ ಟೂ ಬಿಟ್ಟಿದ್ದಾಳೆ.