ಹುದುಲು ದಾಟಿದೆವು: ಬನಿಯನ್ ಓದಿನ ಏಳನೆಯ ವಾರ

ಮನೆಯಲ್ಲೇ ಪಾಠ ಕಲಿಯುವ ನನ್ನ ಇಬ್ಬರು ಮಕ್ಕಳೊಂದಿಗೆ ಜಾನ್ ಬನಿಯನ್‌ನ ಹಳೆಯ ಕಥೆಯೊಂದನ್ನು, ಪದಾಭ್ಯಾಸ ಮತ್ತು ಪ್ರಶ್ನೆಗಳಿರುವ ಕೈಪಿಡಿ ಇಟ್ಟುಕೊಂಡು ಓದುತ್ತಿದ್ದೇನೆ. ಇವತ್ತು ಬೆಳಗ್ಗೆ ಆ ಕಥೆಯ ಸಂದೇಹಕೋಟೆಯ ಮೂರನೆಯ ಬೀಗ ತೆರೆಯಿತು. ಒಂದು ತಿಂಗಳ ಹಿಂದೆ ನಾವು ಅಲ್ಲಿಯವರೆಗೆ ತಲುಪುತ್ತೇವೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆಗ ಕೈಪಿಡಿಯನ್ನು ಮುಚ್ಚಿ ಕಪಾಟಿನ ಮೇಲಿಟ್ಟು, ಮಕ್ಕಳಿಗೆ ಕಾಣದಂತೆ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದೆ. ಇದೇ ಪುಸ್ತಕವನ್ನು ಇಂಥದೇ ಕೈಪಿಡಿಯೊಂದಿಗೆ ಕೈಗೆತ್ತಿಕೊಳ್ಳುವವರಿಗೆ ಆ ವಾರಗಳು ಉಳಿಯಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ.

ವೇಳಾಪಟ್ಟಿ ಹಾಕಿದ್ದು, ಬೈಂಡರ್ ಕಟ್ಟಿದ್ದು, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಗಟ್ಟಿಯಾಗಿ ಓದುವುದು, ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲಟ್ ಮೇಸನ್ ಹೇಳಿದ ಹಾಗೆ ಓದಿದ್ದನ್ನು ಮಕ್ಕಳ ಬಾಯಿಂದಲೇ ಮರಳಿ ಹೇಳಿಸುವುದು, ಇವೆಲ್ಲ ಮನೆಯಲ್ಲಿ ಪಾಠ ಮಾಡುವವರಿಗೆ ಗೊತ್ತಿರುವ ಕೆಲಸಗಳೇ. ನೇರವಾಗಿ ತೊಂದರೆಗೆ ಬರುತ್ತೇನೆ.

ಪುಸ್ತಕ ಜಾನ್ ಬನಿಯನ್‌ನ 'ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್'. ಬನಿಯನ್ ಪಾತ್ರೆಗಳಿಗೆ ಬೆಸುಗೆ ಹಾಕಿ ಬದುಕಿದವನು. ಅಪ್ಪಣೆಯಿಲ್ಲದೆ ಉಪದೇಶ ಮಾಡಿದನೆಂದು 1660ರಿಂದ 12 ವರ್ಷ ಬೆಡ್‌ಫರ್ಡ್‌ನ ಸೆರೆಮನೆಯಲ್ಲಿದ್ದ. 1678ರಲ್ಲಿ ಅಚ್ಚಾದ ಈ ಪುಸ್ತಕದಲ್ಲಿ ಅಧ್ಯಾಯಗಳೇ ಇಲ್ಲ. ಬೆನ್ನ ಮೇಲೆ ಹೊರೆ ಹೊತ್ತ ಕ್ರಿಶ್ಚಿಯನ್ ಎಂಬ ಯಾತ್ರಿಕ ನಾಶಪುರ ಬಿಟ್ಟು ಸ್ವರ್ಗದ ಪಟ್ಟಣಕ್ಕೆ ನಡೆಯುತ್ತಾನೆ; ಮೊದಲಿನಿಂದ ಕೊನೆಯವರೆಗೂ ಒಂದೇ ಕನಸು, ಒಂದೇ ದಾರಿ. ಅಧ್ಯಾಯಗಳನ್ನು ಕತ್ತರಿಸಿ ಹೆಸರಿಟ್ಟವರು ಆಮೇಲಿನ ಪ್ರಕಾಶಕರು, ಅದೂ ತಮತಮಗೆ ತೋಚಿದಂತೆ. ನಮ್ಮ ಕಷ್ಟವೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿತು.

ನನ್ನ ಹಳೆಯ ಪ್ರತಿಯಲ್ಲಿ ಕಥೆಯನ್ನು ಹತ್ತು ಘಟ್ಟಗಳಾಗಿ ಒಡೆದಿದ್ದಾರೆ. ಹನ್ನೆರಡು ವರ್ಷದ ಮಗನ ಕೈಯಲ್ಲಿರುವುದು ಇವತ್ತಿನ ಇಂಗ್ಲಿಷಿಗೆ ತಿದ್ದಿದ ಪ್ರತಿ. ಅದರ ಅಧ್ಯಾಯಗಳೇ ಬೇರೆ. ಒಂಬತ್ತು ವರ್ಷದ ಮಗಳದು ಚಿತ್ರಗಳಿರುವ ಸಂಕ್ಷಿಪ್ತ ಪ್ರತಿ. ಕೈಪಿಡಿ ಸಿದ್ಧವಾಗಿದ್ದು ಈ ಮೂರೂ ಅಲ್ಲದ ನಾಲ್ಕನೆಯ ಮುದ್ರಣಕ್ಕೆ. ಮಗನ ಪ್ರತಿಯನ್ನು ಮಾರಿದವರು 'ಪೂರ್ಣ ಪಾಠ' ಎಂದೇ ಬರೆದಿದ್ದರು. ಭಾಷೆ ಬದಲಿಸಿದ್ದೇವೆ ಎಂಬ ಒಂದು ಸಾಲನ್ನು ಅಲ್ಲೇ ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಕೈಪಿಡಿ ಮಾರಿದವರದು ಇನ್ನೊಂದು ಕಥೆ. ಉತ್ತರಗಳ ಪುಸ್ತಿಕೆಯನ್ನು ಬೇರೆಯಾಗಿ ತರಿಸಬೇಕೆಂದು ಎಲ್ಲೂ ತಿಳಿಸಿರಲಿಲ್ಲ. ತರಿಸಿದೆ, ಬಂದದ್ದು ಬೇರೆ ಯಾವುದೋ ಕಾದಂಬರಿಯ ಉತ್ತರಗಳು. ಹಿಂದಿರುಗಿಸಿ ಐದು ವಾರವಾಯಿತು, ಸರಿಯಾದದ್ದು ಇನ್ನೂ ಬಂದಿಲ್ಲ.

ನಾವಿರುವ ಟೆಕ್ಸಸ್‌ನಲ್ಲಿ ಹೀಗಾದಾಗ ದೂರಲು ಯಾರೂ ಇಲ್ಲ. ಮನೆಶಾಲೆಯನ್ನು ಇಲ್ಲಿಯ ಕಾನೂನು ಖಾಸಗಿ ಶಾಲೆಯೆಂದೇ ಕಾಣುತ್ತದೆ. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಅದನ್ನು ಎತ್ತಿಹಿಡಿಯಿತು. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ಪೌರನ ನಡತೆ ಇಷ್ಟನ್ನು ಕಲಿಸಿದರೆ ಸಾಕು. ಪುಸ್ತಕ ಯಾವುದು, ಕೈಪಿಡಿ ಯಾವುದು ಎಂಬುದು ತಾಯಿತಂದೆಯರ ಆಯ್ಕೆ. ಆ ಸ್ವಾತಂತ್ರ್ಯ ನನಗೆ ಬಹಳ ದೊಡ್ಡದು. ಆದರೆ ತಪ್ಪು ಪ್ರತಿ ಕೊಂಡ ದಿನ ಅದರ ಭಾರವೂ ನನ್ನ ಹೆಗಲ ಮೇಲೆಯೇ.

ಪುಟಸಂಖ್ಯೆ ಹೊಂದದಿದ್ದರೆ ಹೇಗೋ ಸಹಿಸಬಹುದಿತ್ತು. ಪಾಠವನ್ನು ನಿಜಕ್ಕೂ ನಿಲ್ಲಿಸಿದ್ದು ಶಬ್ದಾಭ್ಯಾಸ. ಕೈಪಿಡಿಯ ಪ್ರತಿ ಭಾಗವೂ ಶುರುವಾಗುವುದು ಹೀಗೆ: ಈ ಪದವನ್ನು ಪುಸ್ತಕದಲ್ಲಿ ಹುಡುಕಿ, ಸುತ್ತಲಿನ ವಾಕ್ಯ ಓದಿ, ಅರ್ಥ ಊಹಿಸಿ, ಆಮೇಲೆ ನಿಘಂಟು ನೋಡಿ. ಬಹಳ ಒಳ್ಳೆಯ ಅಭ್ಯಾಸ. ಆದರೆ ಮೊದಲ ದೊಡ್ಡ ಪದ 'ಸ್ಲೌ', ಅಂದರೆ 'ಸ್ಲೌ ಆಫ್ ಡಿಸ್ಪಾಂಡ್'; ಕ್ರಿಶ್ಚಿಯನ್ ಮತ್ತು ಅವನ ಜೊತೆ ಹೊರಟ ನೆರೆಯವ ಪ್ಲಾಯಬಲ್ ದಾರಿಯ ಶುರುವಿನಲ್ಲೇ ಬೀಳುವ ಜಾಗ ಅದು. ಮಗ ತನ್ನ ಪ್ರತಿಯಲ್ಲಿ ಮುಕ್ಕಾಲು ಗಂಟೆ ಹುಡುಕಿದ. ಅಲ್ಲಿ 'ಸ್ವಾಂಪ್' ಎಂದಿತ್ತು. ಎರಡನೆಯ ಪದವೂ ಸಿಗಲಿಲ್ಲ, ಮೂರನೆಯದೂ ಸಿಗಲಿಲ್ಲ. ತಿದ್ದಿದವರು ಯಾವ ಪದ ಕಷ್ಟವೆಂದು ತೆಗೆದಿದ್ದರೋ ಕೈಪಿಡಿ ಕೇಳುತ್ತಿದ್ದದ್ದು ಅವನ್ನೇ. ಕಡೆಗೆ ಹುಡುಗ ಪುಸ್ತಕ ತೆರೆಯದೆ ನಿಘಂಟಿನಿಂದ ಅರ್ಥ ನಕಲು ಮಾಡಿ ಖಾಲಿ ಜಾಗ ತುಂಬತೊಡಗಿದ. ಮಗಳು ಅವನದನ್ನು ನೋಡಿ ಬರೆದಳು. ಎರಡನೆಯ ವಾರ, ಮೂರನೆಯ ವಾರ, ನಾಲ್ಕನೆಯ ವಾರ ಹೀಗೇ ಹೋದವು. ಹಾಳೆಗಳೆಲ್ಲ ತುಂಬಿದ್ದವು, ಕಥೆ ಒಬ್ಬರ ತಲೆಯಲ್ಲೂ ಇರಲಿಲ್ಲ.

ಗಂಟು ಬಿಚ್ಚಿದ್ದು ಮಗಳು. ಐದನೆಯ ವಾರದ ಗುರುವಾರ ಅವಳು ಸುಮ್ಮನೆ ಕೇಳಿದಳು: "ಅಮ್ಮಾ, ಸ್ಲೌ ಅಂದರೆ ಕೆಸರು ತಾನೇ?" ಹೌದು ಎನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ. ಕೆಸರು ಬೇರೆ. ಕೆಸರುಗದ್ದೆಯಲ್ಲಿ ನನ್ನ ಅಜ್ಜಿ ಮೊಣಕಾಲವರೆಗೆ ಇಳಿದು ಇಡೀ ದಿನ ನಾಟಿ ಮಾಡುತ್ತಿದ್ದರು; ಅವರಿಗೆ ಅದು ಅನ್ನ ಕೊಡುವ ನೆಲ. ಜೌಗು ಎಂದರೆ ನೀರು ಜಿನುಗುವ ಜಾಗ, ಕಾಲು ಒದ್ದೆಯಾಗುತ್ತದೆ ಅಷ್ಟೆ. ಬನಿಯನ್ ಹೇಳುವುದು ಹುದುಲು. ಮೇಲೆ ಹುಲ್ಲು ಹಬ್ಬಿ ಗಟ್ಟಿ ನೆಲದಂತೆ ಕಾಣುತ್ತದೆ, ಕಾಲಿಟ್ಟರೆ ಒಳಗೆಳೆಯುತ್ತದೆ, ಒದ್ದಾಡಿದಷ್ಟೂ ಇನ್ನೂ ಕೆಳಕ್ಕೆ. ಬೆನ್ನ ಮೇಲೆ ಹೊರೆ ಇದ್ದವನ ಗತಿಯನ್ನಂತೂ ಕೇಳುವುದೇ ಬೇಡ.

ಮೂರು ಪದಗಳನ್ನೂ ಹೇಳಿದೆ. ಮಗ ತಲೆಯೆತ್ತಿದ. "ಹಾಗಿದ್ದರೆ ಕ್ರಿಶ್ಚಿಯನ್ ಮುಳುಗಿದ್ದು ಹೊರೆಯಿಂದ. ಪ್ಲಾಯಬಲ್‌ಗೆ ಹೊರೆ ಇರಲಿಲ್ಲ, ಅದಕ್ಕೇ ಬೇಗ ಎದ್ದು ಮನೆಯ ಕಡೆಯ ದಡ ಹತ್ತಿದ." ನಾಲ್ಕು ವಾರಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಆಮೇಲೆ ನನ್ನ ಪೂರ್ಣ ಪ್ರತಿಯನ್ನು ತೆರೆದು ಆ ಭಾಗವನ್ನು ಓದಿದೆ. ಹಿತವಾದ ಉಪದೇಶ ತುಂಬಿದ 20,000 ಗಾಡಿಗಳನ್ನು ಸುರಿದರೂ ಆ ಜಾಗ ಗಟ್ಟಿಯಾಗಲಿಲ್ಲ ಎಂದು ಬನಿಯನ್ ಬರೆಯುತ್ತಾನೆ. ನಡುವೆ ಒಳ್ಳೆಯ ಮೆಟ್ಟಿಲುಗಳಿವೆ, ಕಾಣುವುದು ಕಷ್ಟ. ಹೆಲ್ಪ್ ಎಂಬುವನು ಬಂದು ಕೈಹಿಡಿದು ಎತ್ತುತ್ತಾನೆ. ಮಗಳು ಕನ್ನಡ ಸತ್ಯವೇದದಲ್ಲಿ 40ನೆಯ ಕೀರ್ತನೆ ತೆಗೆದಳು. ಕೆಸರಿನಿಂದ ಎತ್ತಿ ಕಾಲನ್ನು ಬಂಡೆಯ ಮೇಲೆ ನಿಲ್ಲಿಸಿದ ದೇವರ ಹಾಡು ಅದು. ಸತ್ಯವೇದದಿಂದ ಹುಡುಕಿ ಎಂದು ಕೈಪಿಡಿ ಕೇಳಿದ್ದ ಹೋಲಿಕೆ ಅಲ್ಲೇ ಇತ್ತು.

ಆ ರಾತ್ರಿ ಇನ್ನೊಂದೂ ಹೊಳೆಯಿತು. ನಾಲ್ಕು ಪ್ರತಿಗಳಲ್ಲಿ ಅಧ್ಯಾಯ ಬೇರೆ, ಪುಟ ಬೇರೆ, ಪದವೂ ಬೇರೆ. ಆದರೆ ಊರುಗಳ ಸಾಲು ಎಲ್ಲದರಲ್ಲೂ ಒಂದೇ. ಹುದುಲಿನ ನಂತರವೇ ಕಿರುಬಾಗಿಲು, ಶಿಲುಬೆಯ ಬಳಿ ಹೊರೆ ಕಳಚಿ ಬಿದ್ದ ಮೇಲೆಯೇ ಕಷ್ಟದ ಗುಡ್ಡ, ಅಪೊಲ್ಯೋನ್ ಎಂಬ ರಾಕ್ಷಸನೊಂದಿಗಿನ ಕಾಳಗ ಕಳೆದ ಮೇಲೆಯೇ ವ್ಯಾನಿಟಿ ಸಂತೆ. ಬನಿಯನ್ ಬರೆದದ್ದು ದಾರಿ. ಹಾಗಾದರೆ ಕೈಪಿಡಿಯನ್ನು ದಾರಿಗೆ ಕಟ್ಟಿದರಾಯಿತು.

ಕಂದು ಕಾಗದದ ಸುರುಳಿಯಿಂದ ಹನ್ನೆರಡು ಅಡಿ ಕತ್ತರಿಸಿ ಊಟದ ಕೋಣೆಯ ಗೋಡೆಗೆ ಅಂಟಿಸಿದೆವು. ಎಡತುದಿಯಲ್ಲಿ ನಾಶಪುರ, ಬಲತುದಿಯಲ್ಲಿ ನದಿ ಮತ್ತು ಆಚೆಯ ಪಟ್ಟಣ. ನಡುವೆ 23 ಜಾಗಗಳು. ಪ್ರತಿ ಜಾಗದ ಕೆಳಗೆ ನಾಲ್ಕು ಬಣ್ಣಗಳಲ್ಲಿ ನಾಲ್ಕು ಪ್ರತಿಗಳ ಪುಟಸಂಖ್ಯೆ, ಅದರ ಕೆಳಗೊಂದು ಲಕೋಟೆ. ಕೈಪಿಡಿಯ ಹಾಳೆಗಳನ್ನು ಪ್ರಶ್ನೆ ಪ್ರಶ್ನೆಯಾಗಿ ಕತ್ತರಿಸಿ ಆಯಾ ಲಕೋಟೆಗೆ ಹಾಕಿದೆ. ಹೊಸ ಪುಸ್ತಕವನ್ನು ಕತ್ತರಿಸಲು ಕೈ ನಡುಗಿತು, ನಿಜ. ಆದರೆ ಮೊದಲ ಹಾಳೆ ತುಂಡಾದ ಮೇಲೆ ಉಳಿದವು ಸರಾಗವಾಗಿ ನಡೆದವು. ಮಗನ ಪ್ರತಿಯಲ್ಲಿಲ್ಲದ ಪದಗಳಿಗೆ ಕೆಂಪು ಗೆರೆ ಎಳೆದೆವು. ಆ ವಾಕ್ಯಗಳನ್ನು ನನ್ನ ಪ್ರತಿಯಿಂದ ಗಟ್ಟಿಯಾಗಿ ಓದುತ್ತೇವೆ, ಮೊದಲು ಕನ್ನಡದಲ್ಲಿ ಪದ ಹುಡುಕುತ್ತೇವೆ, ಆಮೇಲೆ ಇಂಗ್ಲಿಷ್ ನಿಘಂಟು. ಪ್ಲಾಯಬಲ್‌ಗೆ ಮಗಳು ಕೊಟ್ಟ ಅರ್ಥ 'ಎತ್ತ ಎಳೆದರೆ ಅತ್ತ ಬರುವವನು'. ಯಾವ ನಿಘಂಟೂ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಇಲ್ಲಿಯೇ ಮುಂದಿನ ಯೋಜನೆ ತಲೆಯೊಳಗೆ ಹೊಕ್ಕಿದೆ. ಬಾಸೆಲ್ ಮಿಷನ್‌ನವರು ಹತ್ತೊಂಬತ್ತನೆಯ ಶತಮಾನದಲ್ಲೇ ಈ ಪುಸ್ತಕವನ್ನು 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೆ ತಂದಿದ್ದರು. ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ರಟ್ಟು ಕಳಚಿದ ಒಂದು ಪ್ರತಿ ಇತ್ತು. ಮಳೆಗಾಲದಲ್ಲಿ ಅದಕ್ಕೆ ಕರ್ಪೂರದ ವಾಸನೆ. ಗೋಡೆಯ ಮೇಲೆ ಐದನೆಯ ಬಣ್ಣ ಅದರದಾಗಬೇಕು. ಅದು ಮುಗಿದರೆ ಕಿಟೆಲ್. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು; 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದ ಕಿಟೆಲ್ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಅದಕ್ಕೊಂದು ಕೈಪಿಡಿಯನ್ನು ನಾನೇ ಬರೆಯುತ್ತೇನೆ: ಪದಗಳು, ಪ್ರಶ್ನೆಗಳು, ಸತ್ಯವೇದದ ವಚನಗಳು, ಕೊನೆಯಲ್ಲಿ ಉತ್ತರಗಳೂ ಅದೇ ಪುಸ್ತಕದಲ್ಲಿ. ಛಂದಸ್ಸಿನ ಪಾಠಕ್ಕೆ ಇನ್ನೇನು ಬೇಕು? ಸರಿ, ಕೋಟೆಗೆ ಬರುತ್ತೇನೆ.

ಕ್ರಿಶ್ಚಿಯನ್ ಮತ್ತು ಅವನ ಜೊತೆಗಾರ ಹೋಪ್‌ಫುಲ್ ಮೆತ್ತಗಿನ ಹುಲ್ಲುದಾರಿಗೆ ಆಸೆಪಟ್ಟು ಹೆದ್ದಾರಿ ಬಿಟ್ಟು ನಿರಾಶೆಯೆಂಬ ದೈತ್ಯನ ಕೈಗೆ ಸಿಕ್ಕಿಬಿದ್ದು ಅವನ ಸಂದೇಹಕೋಟೆಯಲ್ಲಿ ಸೆರೆಯಾಗುತ್ತಾರೆ. ಕೈಪಿಡಿಯ ಪ್ರಶ್ನೆ ಒಂದೇ ಸಾಲು: ಅವರು ಹೇಗೆ ತಪ್ಪಿಸಿಕೊಂಡರು? ಮಗ 'ವಾಗ್ದಾನವೆಂಬ ಕೀಲಿಕೈಯಿಂದ' ಎಂದು ಬರೆದು ಪೆನ್ಸಿಲ್ ಕೆಳಗಿಟ್ಟ. ಮಗಳು ಇಡಲಿಲ್ಲ. ಬೆರಳು ಮಡಚಿ ಎಣಿಸಿದಳು. ಬುಧವಾರ ಬೆಳಗ್ಗೆಯಿಂದ ಶನಿವಾರ ರಾತ್ರಿಯವರೆಗೆ ತುತ್ತು ಅನ್ನವಿಲ್ಲ, ಹನಿ ನೀರಿಲ್ಲ. ನಡುರಾತ್ರಿಯಿಂದ ಪ್ರಾರ್ಥನೆ. ಬೆಳಗಾಗುವ ಹೊತ್ತಿಗೆ ನೆನಪಾಗುತ್ತದೆ, ಕೀಲಿಕೈ ಎದೆಯಲ್ಲೇ ಇದೆ! "ಮೊದಲಿನಿಂದಲೂ ಇತ್ತು ಅಂದರೆ ನಾಲ್ಕು ದಿನ ಯಾಕೆ ಪೆಟ್ಟು ತಿಂದರು?"

ಉತ್ತರಗಳ ಪುಸ್ತಿಕೆ ನಮ್ಮಲ್ಲಿಲ್ಲ. "ನಮ್ಮ ಕೀಲಿಕೈ ಇನ್ನೂ ಅಂಚೆಯಲ್ಲಿದೆ" ಎಂದು ಮಗ ನಕ್ಕ. ನನಗೂ ನಗು ತಡೆಯಲಾಗಲಿಲ್ಲ.

ಮಾತು ಮುಂದುವರಿಯಲೆಂದು ಗ್ಯಾರೇಜಿನಿಂದ ತುಕ್ಕು ಹಿಡಿದ ಹಳೆಯ ಬೀಗವನ್ನು ತಂದು ಇಬ್ಬರ ಕೈಗೂ ಕೊಟ್ಟೆ. ಕೋಟೆಯ ಮೊದಲ ಎರಡು ಬಾಗಿಲುಗಳು ಸುಲಭವಾಗಿ ತೆರೆಯುತ್ತವೆ, ಮೂರನೆಯ ಕಬ್ಬಿಣದ ಬಾಗಿಲಿನ ಬೀಗ ಬಹಳ ಬಿಗಿ. ಮಗ ಹಲ್ಲುಕಚ್ಚಿ ತಿರುಗಿಸಿದ, ಮಗಳು ಬೀಗವನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಳು. ಕಿರ್‍ರೆಂದು ಸದ್ದಾಗಿ ತೆರೆದಾಗ ಇಬ್ಬರ ಅಂಗೈಯೂ ಕಂದು ಬಣ್ಣ. "ದೈತ್ಯ ಎಚ್ಚರವಾದದ್ದು ಇದೇ ಸದ್ದಿಗೆ" ಎಂದ ಮಗ. ಹೌದು, ಪುಸ್ತಕದಲ್ಲಿಯೂ ಹಾಗೇ ಆಗುತ್ತದೆ.

ಸಂಜೆ ಮಂಗಳೂರಿನಲ್ಲಿರುವ ಅಮ್ಮನಿಗೆ ಕರೆ ಮಾಡಿದೆವು. ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಮಗಳು ಅದೇ ಪ್ರಶ್ನೆಯನ್ನು ಅವರ ಮುಂದಿಟ್ಟಳು. ಅಮ್ಮ ಲೋಟ ಕೆಳಗಿಡದೆ ಹೇಳಿದರು: "ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಮಗೂ. ಹೆದರಿದವನಿಗೆ ತನ್ನ ಮಡಿಲಲ್ಲಿರುವುದು ಕಾಣುವುದಿಲ್ಲ. ನಿನ್ನ ತಾತ ಆಸ್ಪತ್ರೆಯಲ್ಲಿದ್ದಾಗ ನನಗೂ ಮೂರು ದಿನ ಪ್ರಾರ್ಥನೆ ಮಾಡಲು ನೆನಪಾಗಿರಲಿಲ್ಲ."

ಮಗಳು ಆ ಗಾದೆಯನ್ನು ಸಂದೇಹಕೋಟೆಯ ಲಕೋಟೆಯ ಮೇಲೆ ಹಸಿರು ಪೆನ್ನಿನಿಂದ ಬರೆದಿದ್ದಾಳೆ. 'ಕಂಕುಳಲ್ಲಿ' ಎಂಬಲ್ಲಿ ಒಂದು ಒತ್ತು ಹೆಚ್ಚಾಗಿದೆ. ತಿದ್ದಲು ಮನಸ್ಸು ಬರಲಿಲ್ಲ. ನಾಳೆ ಯಾತ್ರಿಕರು ಹಿಂದೆ ಬರುವವರಿಗಾಗಿ ಎಚ್ಚರಿಕೆಯ ಕಂಬ ನೆಡುವ ಭಾಗ. ಕಂಬಕ್ಕೆಂದು ಮಗ ಈಗಲೇ ಐಸ್‌ಕ್ರೀಮ್ ಕಡ್ಡಿಗಳನ್ನು ತೊಳೆದು ಒಣಗಲು ಇಟ್ಟಿದ್ದಾನೆ.