ಅನಬೆಲ್ ಕೊನೆಗೂ ಕುಣಿದಳು

ಮೂರು ವಾರ ಕಪ್ಪೆ ಥರ ಕುಪ್ಪಳಿಸುತ್ತಿದ್ದವಳು ನಿನ್ನೆ ರಾತ್ರಿ ಹನ್ನೊಂದೂವರೆಗೆ ಕುಣಿದಳು. ಅವಳಿರುವುದು ನಾನು ಕಟ್ಟಿದ ಮ್ಯೂಟೋಸ್ಕೋಪಿನಲ್ಲಿ: ಹ್ಯಾಂಡಲ್ ತಿರುಗಿಸಿದರೆ ಡ್ರಮ್ಮಿಗೆ ಸಿಕ್ಕಿಸಿದ ಚಿತ್ರದ ಕಾರ್ಡುಗಳು ಒಂದೊಂದಾಗಿ ಮಗುಚಿ ಸಿನಿಮಾ ಥರ ಓಡುವ ಹಳೇ ಕಾಲದ ಪೆಟ್ಟಿಗೆ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ಹೆಬ್ಬೆರಳಲ್ಲಿ ಬೊಬ್ಬೆ.

ಡ್ರಮ್, ಪೆಟ್ಟಿಗೆ ಎಲ್ಲ ಮಾಮೂಲಿ ಮ್ಯೂಟೋಸ್ಕೋಪಿನದೇ, ಬಿಡಿ. ಚಿತ್ರ ಮಾತ್ರ ಅಮೆರಿಕದ ನರ್ತಕಿ ಅನಬೆಲ್ ವಿಟ್‌ಫೋರ್ಡಳ ಸರ್ಪನೃತ್ಯ, ಅಂದರೆ ಸಡಿಲ ಬಟ್ಟೆಯನ್ನು ಅಲೆಅಲೆಯಾಗಿ ಬೀಸುವ ಕುಣಿತ. 1893ರ ಶಿಕಾಗೋ ವಿಶ್ವಮೇಳದಲ್ಲಿ ಕುಣಿದಾಗ ಅವಳಿಗೆ ಹದಿನೈದು. ಮರುವರ್ಷವೇ ನ್ಯೂಜೆರ್ಸಿಯಲ್ಲಿ ಎಡಿಸನ್ನನ ಸಿನಿಮಾ ಸ್ಟುಡಿಯೋ ಬ್ಲ್ಯಾಕ್ ಮರಿಯಾದಲ್ಲಿ ಅದರ ಚಿತ್ರೀಕರಣ. ಬಿಸಿಲು ಹೋದ ಕಡೆಗೆ ಇಡೀ ಕಟ್ಟಡವನ್ನೇ ತಿರುಗಿಸುತ್ತಿದ್ದರು! ಆ ಕ್ಯಾಮೆರಾ ಸೆಕೆಂಡಿಗೆ ಸುಮಾರು 40 ಫ್ರೇಮ್ ಹಿಡಿಯುತ್ತಿತ್ತು. ನಾನು ಮೂರಕ್ಕೊಂದು ಆರಿಸಿದೆ. 120 ಕಾರ್ಡ್, ಒಂಬತ್ತು ಸೆಕೆಂಡ್ ಕುಣಿತ.

ತಲೆನೋವು ಶುರುವಾಗಿದ್ದು ಬಣ್ಣದಿಂದ. ಈ ಕುಣಿತ ಕಟ್ಟಿದ ಲೋಯಿ ಫುಲ್ಲರ್ ತನ್ನ ಬಟ್ಟೆಯ ಮೇಲೆ ಬಣ್ಣದ ಬೆಳಕು ಹಾಯಿಸುತ್ತಿದ್ದಳು. ಕಪ್ಪು ಬಿಳುಪು ಫಿಲ್ಮಿಗೆ ಅದು ದಕ್ಕುವುದಿಲ್ಲ ಅಲ್ವಾ? ಅದಕ್ಕೇ ಅನಬೆಲ್ ಚಿತ್ರಗಳಿಗೆ ಒಂದೊಂದು ಫ್ರೇಮಿಗೂ ಕೈಯಲ್ಲೇ ಬಣ್ಣ ಹಚ್ಚಿದರು. ನಾನೂ ವಾಟರ್ ಕಲರ್ ಹಚ್ಚಿದೆ. ಒಣಗಿದ ಮೇಲೆ ನೋಡಿದರೆ ಒಂದೊಂದು ಕಾರ್ಡೂ ಒಣಗಿದ ಅಡಕೆ ಹಾಳೆ! ಹಾಗೆ ದೋಣಿಯಾದ ಕಾರ್ಡ್ ಬಾಗುವುದೇ ಇಲ್ಲ, ಸ್ಟೀಲ್ ಟೇಪಿನ ಹಾಗೆ ಸೆಟೆದು ನಿಲ್ಲುತ್ತದೆ. ಆಮೇಲೆ ನಾಲ್ಕೈದು ಒಟ್ಟಿಗೇ ಧೊಪ್. ಅನಬೆಲ್ ಕಪ್ಪೆಯಾಗುವುದು ಹೀಗೆ.

ನಿಘಂಟಿನ ಕೆಳಗೆ ಒತ್ತಿಟ್ಟೆ. ಎರಡು ದಿನ ನೆಟ್ಟಗಿದ್ದು ಮತ್ತೆ ಮುದುರಿತು. ದಪ್ಪ ಕಾಗದ ತಂದೆ, ಇನ್ನೂ ಹಟಮಾರಿ. ಹಿಂಬದಿಗೂ ನೀರು ಸವರಿದೆ, ಮುಂದಿನ ಇಂಕ್ ಇಳಿದು ಅವಳಿಗೆ ಮೀಸೆ ಬಂತು.

ಸಿಟ್ಟಿಗೆ ಒಂದು ಕಾರ್ಡ್ ಹರಿದೆ. ಉದ್ದಕ್ಕೆ ನೇರವಾಗಿ ಹರಿಯಿತು, ಅಡ್ಡಕ್ಕೆ ಹಲ್ಲುಹಲ್ಲಾಗಿ. ಕಾಗದದ ಗ್ರೇನ್, ಅಂದರೆ ಅದರ ನಾರು ಸಾಗುವ ದಿಕ್ಕು! ಅದು ಡ್ರಮ್ ತಿರುಗುವ ಆಕ್ಸಲ್‌ಗೆ ಸಮಾನಾಂತರವಾಗಿ ಇರಬೇಕಿತ್ತು. ಪ್ರಿಂಟಿಂಗ್ ಅಂಗಡಿಯವರು ಶೀಟಿಗೆ ಎರಡು ಕಾರ್ಡ್ ಜಾಸ್ತಿ ಬರಲಿ ಅಂತ ಅಡ್ಡ ತಿರುಗಿಸಿ ಕತ್ತರಿಸಿದ್ದರು. ಕೇಳಿದರೆ, "ಎಲ್ಲಾ ಒಂದೇ ಸಾರ್, ಪೇಪರ್ ಪೇಪರೇ." ಹೊಸ ಕಾರ್ಡು ನಾನೇ ಕತ್ತರಿಸಿದೆ. ಈಗಲೂ ಚೂರು ಮುದುರುತ್ತವೆ, ಆದರೆ ಬೀಳುವ ದಿಕ್ಕಿಗೇ. ಏನೂ ತೊಂದರೆಯಿಲ್ಲ.

ಒಂದೇ ಕುಣಿತಕ್ಕೆ ಮೂರನೇ ಸಲ ಬಣ್ಣ ಹಚ್ಚುವಾಗ ಅವಳೇ ನೆನಪಾದಳು. ಪ್ರಿಂಟ್ ತೆಗೆದು ತೆಗೆದು ನೆಗೆಟಿವ್ ಸವೆದು, ಅವಳು ಅದನ್ನೇ ಮತ್ತೆ ಮತ್ತೆ ಬಂದು ಕುಣಿಯಬೇಕಾಯಿತು. 1907ರಲ್ಲಿ ಝೀಗ್‌ಫೆಲ್ಡ್ ಫಾಲೀಸ್ ಎಂಬ ನ್ಯೂಯಾರ್ಕಿನ ರಂಗಪ್ರದರ್ಶನದಲ್ಲಿ ಗಿಬ್ಸನ್ ಬೇದಿಂಗ್ ಗರ್ಲ್ ಪಾತ್ರ ಮಾಡಿದಳು. ತೀರಿಕೊಂಡಿದ್ದು 1961ರಲ್ಲಿ, ಅಮೆರಿಕದಲ್ಲಿ ಟೀವಿ ಮನೆಮನೆಗೆ ಬಂದ ಮೇಲೆ.

ಮುಂದಿನದ್ದು ಫುಲ್ಲರಳ ಪುಟಾಣಿ ವೇದಿಕೆ. ಬಿಳಿ ರೇಷ್ಮೆ, ಎಲ್‌ಇಡಿ, ತಿರುಗುವ ಬಣ್ಣದ ಚಕ್ರ. ಕುಂಚ ಮುಟ್ಟುವುದಿಲ್ಲ. ಅದಕ್ಕೂ ಮೊದಲು 71ನೇ ಕಾರ್ಡ್ ಬದಲಿಸಬೇಕು. ಹಳದಿ ಬದಲು ಹಸಿರು ಹಚ್ಚಿಬಿಟ್ಟಿದ್ದೇನೆ, ಪ್ರತಿ ಸುತ್ತಿಗೂ ಕಣ್ಣು ಹೊಡೆಯುತ್ತದೆ.