ಸಿನಗಾಗ್ ಬೀದಿಯ ಸಾರಾ ಆಂಟಿ

ನಮ್ಮ ಮನೆಯ ಕಪಾಟಿನಲ್ಲಿ ಒಂದು ಬಿಳಿ ಬಟ್ಟೆ ಇದೆ. ಮೊಳ ಉದ್ದ ಇರಬಹುದು. ಅಂಚಿಗೆ ನೀಲಿ ದಾರ, ನಡುವೆ ಹೀಬ್ರೂ ಅಕ್ಷರ. 2014ರಲ್ಲಿ ಕೊಚ್ಚಿಯ ಮಟ್ಟಾಂಚೇರಿಯಿಂದ ತಂದದ್ದು. ಮೊನ್ನೆ ಅಮ್ಮ ಕಪಾಟು ಖಾಲಿ ಮಾಡುವಾಗ ಅದು ಕೈಗೆ ಸಿಕ್ಕಿತು. "ಇದು ಆ ಯಹೂದಿ ಅಜ್ಜಿಯ ಅಂಗಡೀದಲ್ವಾ?" ಅಂದರು. ಹೌದು, ಸಾರಾ ಕೊಹೆನ್. ಆ ಬೀದಿಯವರ ಬಾಯಲ್ಲಿ ಸಾರಾ ಆಂಟಿ.

ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ನನ್ನ ಮೌಶಿಯ ಮನೆ ಇದೆ. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟ ಕೊಂಕಣಿಗರಲ್ಲಿ ಕೆಲವರು ನಮ್ಮ ಕುಮಟಾ ಕಡೆಯೇ ನಿಂತರು, ಕೆಲವರು ಇನ್ನೂ ಕೆಳಗಿಳಿದು ಕೊಚ್ಚಿ ಸೇರಿದರು. ಸರಿಸುಮಾರು ಅದೇ ಕಾಲಕ್ಕೆ ಸ್ಪೇನ್, ಪೋರ್ಚುಗಲ್ ಕಡೆಯಿಂದ ಓಡಿಬಂದ ಯಹೂದಿಗಳಿಗೂ ಕೊಚ್ಚಿಯ ರಾಜರೇ ಆಸರೆ ಕೊಟ್ಟರು. ಅರಮನೆಯ ಗೋಡೆಗೆ ತಾಗಿಕೊಂಡಂತೆ ಜಾಗ ಸಿಕ್ಕಿತು. 1568ರಲ್ಲಿ ಸಿನಗಾಗ್ ಎದ್ದಿತು. ಹೆಸರು ಪರದೇಸಿ ಸಿನಗಾಗ್. ನಮ್ಮಲ್ಲಿ ಪರದೇಸಿ ಅಂದರೆ ಬೈಗುಳ. ಅಲ್ಲಿ ಅದು ಪ್ರಾರ್ಥನೆ ಮಂದಿರದ ಹೆಸರು. ಒಳಗೆ ಚೀನಾದಿಂದ ತರಿಸಿದ ನೀಲಿ ಬಿಳಿ ಟೈಲ್ಸು, ಎಲ್ಲ ಕೈಯಲ್ಲೇ ಚಿತ್ರ ಬರೆದದ್ದು, ಹಾಗಾಗಿ ಒಂದರ ಹಾಗೆ ಇನ್ನೊಂದಿಲ್ಲ. ಚಪ್ಪಲಿ ಹೊರಗೇ ಬಿಡಬೇಕು.

ಆ ಬೀದಿ ತೀರಾ ಚಿಕ್ಕದು. ಎರಡೂ ಕಡೆ ಹಳೆಯ ವಸ್ತುಗಳ ಅಂಗಡಿ, ಮಸಾಲೆ ವಾಸನೆ, ಪ್ರವಾಸಿಗರ ನೂಕುನುಗ್ಗಲು. ಅದರ ನಡುವೆ ಒಂದು ಮನೆಯ ಕಿಟಕಿಯಲ್ಲಿ ಸಾರಾ ಆಂಟಿ ಕುಳಿತಿದ್ದರು. ಹೂವಿನ ಗೌನು, ತಲೆ ಮೇಲೆ ಕಸೂತಿ ಮಾಡಿದ ಪುಟ್ಟ ಟೋಪಿ, ತೊಡೆ ಮೇಲೆ ಪುಸ್ತಕ. ತೊಂಬತ್ತು ದಾಟಿತ್ತು ಆಗಲೇ. ಜನ ಫೋನ್ ಎತ್ತಿ ಫೋಟೋ ಹೊಡೆಯುತ್ತಿದ್ದರು, ಪ್ರದರ್ಶನಕ್ಕಿಟ್ಟವರ ಹಾಗೆ. ನಾನೂ ಫೋನ್ ಎತ್ತಿದೆ, ಸುಳ್ಳು ಯಾಕೆ ಹೇಳಲಿ. ಮೌಶಿ ಕೈಗೆ ಒಂದೇಟು ಕೊಟ್ಟರು. "ಯಾರ ಮನೆ ಕಿಟಕೀಲಿ ಹಾಗೆ ಇಣುಕ್ತಾರೆ? ಒಳಗೆ ಹೋಗಿ ಏನಾದ್ರೂ ತಗೋ."

ಒಳಗೆ ಮೇಜಿನ ಬಟ್ಟೆ, ಪ್ರಾರ್ಥನೆಗೆ ಹಾಕುವ ಕಿಪ್ಪಾ ಟೋಪಿ, ಶುಕ್ರವಾರದ ರೊಟ್ಟಿಗೆ ಮುಚ್ಚುವ ಬಟ್ಟೆ. ನಾನು ತಂದದ್ದು ಈ ಕೊನೆಯದು.

ಸಾರಾ ಹುಟ್ಟಿದ್ದು 1922ರಲ್ಲಿ. ಗಂಡ ಜೇಕಬ್ ಕೊಹೆನ್ ವಕೀಲರು. ಮಕ್ಕಳಿರಲಿಲ್ಲ. ಇಸ್ರೇಲ್ ಆದ ಮೇಲೆ ಕೊಚ್ಚಿಯ ಯಹೂದಿಗಳು ಒಂದೊಂದೇ ಮನೆಯಾಗಿ ಹೊರಟರು. ಓಡಿಸಿದವರು ಯಾರೂ ಇಲ್ಲ, ಹೊಡೆದವರು ಯಾರೂ ಇಲ್ಲ, ಆದರೂ ಹೋದರು. ಮಗನಿಗೆ ಹೆಣ್ಣು ಬೇಕು, ಮಗಳಿಗೆ ಗಂಡು ಬೇಕು, ಪೂರ್ತಿ ಪ್ರಾರ್ಥನೆ ನಡೆಯಬೇಕಾದರೆ ಹತ್ತು ಜನ ಗಂಡಸರು ಬೇಕು, ಅಷ್ಟು ಜನ ಸೇರದಿದ್ದರೆ ಏನು ಮಾಡುವುದು? ಕೊಹೆನ್ ದಂಪತಿ ಮಾತ್ರ ಕದಲಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಆ ಬೀದಿಯನ್ನು ನೆನೆದು ಎಲ್ಲರೂ ಸೌಹಾರ್ದ, ಸೌಹಾರ್ದ ಅಂತ ಬರೆಯುತ್ತಾರೆ. ಆದರೆ ಈ ಸಿನಗಾಗಿನ ಪರದೇಸಿ ಯಹೂದಿಗಳು ತಾವು 'ಬಿಳಿಯರು' ಅಂದುಕೊಂಡು ಉಳಿದ ಯಹೂದಿಗಳನ್ನು ಸರಿಸಮವಾಗಿ ಕೂರಿಸುತ್ತಿರಲಿಲ್ಲ. ಎ. ಬಿ. ಸೇಲಂ ಅನ್ನುವ ವಕೀಲರು ಇದೇ ಸಿನಗಾಗಿನಲ್ಲಿ ಇದರ ವಿರುದ್ಧ ಸತ್ಯಾಗ್ರಹ ಮಾಡಿದರು. ಅವರನ್ನು ಯಹೂದಿ ಗಾಂಧಿ ಅಂತ ಕರೆಯುತ್ತಾರೆ. ಸಮುದ್ರ ದಾಟಿ ಬಂದವರಿಗೂ ನಮ್ಮ ನೀರು ಹಿಡಿದೇ ಹಿಡಿಯಿತು, ಅಲ್ವಾ.

ಈಗ ತಾಹಾ ಇಬ್ರಾಹಿಂ ಕಥೆ. ನನಗೆ ಸಾರಾ ಆಂಟಿ ಅಂದರೆ ಇದೇ ಕಥೆ. ಅವರು ಆ ಬೀದಿಯಲ್ಲಿ ಪ್ರವಾಸಿಗರಿಗೆ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ಮುಸ್ಲಿಂ ಹುಡುಗ, ವಯಸ್ಸು ಹದಿಮೂರರ ಆಸುಪಾಸು. ಪೋಸ್ಟ್‌ಕಾರ್ಡ್ ಇಡುತ್ತಿದ್ದ ಜಾಗ ಒಂದು ಭಾನುವಾರ ಬಾಗಿಲು ತೆರೆಯಲಿಲ್ಲ, ಆಗ ಜೇಕಬ್ ನಮ್ಮ ಮನೆಯಲ್ಲೇ ಇಡು ಅಂದರು. ಸಾರಾಗೆ ಅದು ಇಷ್ಟವಾಗಲಿಲ್ಲವಂತೆ. ಯಾರದೋ ಹುಡುಗ, ದಿನಾ ಮನೆಯೊಳಗೆ ಓಡಾಡುವುದು ಅಂದರೆ ಯಾರಿಗಾದರೂ ಕಿರಿಕಿರಿಯೇ. ಕೆಲವು ವರ್ಷ ಹಾಗೇ ನಡೆಯಿತು. ಒಂದು ದಿನ ಸಾರಾ ಸಿನಗಾಗಿಗೆ ದಿಂಬಿನ ಕವರ್ ಹೊಲಿಯುತ್ತಾ ತಿಣುಕಾಡುತ್ತಿದ್ದರು. ಸಿನಗಾಗಿನ ಇಂಥ ಕೆಲಸಕ್ಕೆ ಯಾರೂ ಕೂಲಿ ಕೇಳುವುದಿಲ್ಲ, ಕೊಡುವುದೂ ಇಲ್ಲ, ನಮ್ಮಲ್ಲಿ ದೇವಸ್ಥಾನಕ್ಕೆ ಹೂ ಕಟ್ಟಿಕೊಡುವ ಹಾಗೆ. ತಾಹಾಗೆ ಅಪ್ಪನಿಂದ ಹೊಲಿಗೆ ಗೊತ್ತಿತ್ತು. ಕೈ ಹಾಕಿದರು, ಕವರ್ ಸರಿಯಾಯಿತು. ಅಲ್ಲಿಂದ ಮುಂದೆ ಸಾರಾ ಅವರನ್ನು ಬಿಡಲಿಲ್ಲ.

1999ರಲ್ಲಿ ಜೇಕಬ್ ತೀರಿಕೊಂಡರು. ಹೋಗುವ ಮೊದಲು, ಸಾರಾಳನ್ನು ನೋಡಿಕೊಳ್ಳಬೇಕು ಅಂತ ತಾಹಾಗೆ ಹೇಳಿದ್ದರು. ಮುಂದಿನ 20 ವರ್ಷ ತಾಹಾ ಅಂಗಡಿಯನ್ನೂ ನಡೆಸಿದರು, ಆಂಟಿಯನ್ನೂ ನೋಡಿಕೊಂಡರು. ಮಾತ್ರೆ, ಊಟ, ಹಬ್ಬ, ಎಲ್ಲ. ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತು ತಪ್ಪಬಾರದು ಅಂತ ಒಬ್ಬ ನಮಾಜು ಮಾಡುವ ಮನುಷ್ಯ ಗಡಿಯಾರ ನೋಡಿಕೊಂಡಿರುವುದು! ಹೊಟ್ಟೆಯಲ್ಲಿ ಹುಟ್ಟಿದವರೇ ವಿಡಿಯೋ ಕಾಲಿನಲ್ಲಿ ಯೋಗಕ್ಷೇಮ ಮುಗಿಸುವ ಕಾಲ ಇದು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

2019ರ ಆಗಸ್ಟ್ 30ರಂದು ಸಾರಾ ಆಂಟಿ ಹೋದರು. 96 ವರ್ಷ. ಅವತ್ತು ಶುಕ್ರವಾರ. ಆ ಸಂಜೆಯಿಂದ ಶನಿವಾರ ಸಂಜೆಯ ತನಕ ಯಹೂದಿಗಳ ವಿಶ್ರಾಂತಿ ದಿನ ಶಬ್ಬಾತ್ ಇದ್ದದ್ದರಿಂದ ಭಾನುವಾರ ಮಣ್ಣು ಮಾಡಿದರು, ಮಟ್ಟಾಂಚೇರಿಯ ಯಹೂದಿ ಸ್ಮಶಾನದಲ್ಲೇ. ಮೌಶಿ ಫೋನ್ ಮಾಡಿ ಸುದ್ದಿ ಹೇಳಿದರು, ನೆಂಟರು ಹೋದ ಹಾಗೆ. 2024ರಲ್ಲಿ ಅದೇ ಸಮುದಾಯದ ಕ್ವೀನಿ ಹಲ್ಲೆಗುವಾ ಅವರೂ ಹೋದ ಮೇಲೆ ಆ ಬೀದಿಯ ಮನೆಗಳಲ್ಲಿ ಪರದೇಸಿ ಹೆಂಗಸರು ಇಲ್ಲ.

ಇನ್ನು ನಮ್ಮ ಬಟ್ಟೆ. ಅಮ್ಮ ಧಾರವಾಡದಲ್ಲಿ ಕಸೂತಿ ಕಲಿತವರು. ಮೊದಲು ಮಾಡಿದ ಕೆಲಸ ಬಟ್ಟೆಯನ್ನು ತಿರುಗಿಸಿ ನೋಡಿದ್ದು. ನಮ್ಮ ಕಸೂತಿಯಲ್ಲಿ ಹಿಂದೆ ಗಂಟು ಕಾಣಬಾರದು. ಇದರಲ್ಲಿ ನಾಲ್ಕೈದು ಗಂಟು ಇದ್ದವು. "ಹೂಂ, ಪರವಾಗಿಲ್ಲ" ಅಂದರು, ಅದು ಅವರ ಬಾಯಲ್ಲಿ ಫಸ್ಟ್ ಕ್ಲಾಸಿಗೆ ಸಮ.

ಆಮೇಲೆ ಕೇಳಿದರು, ರೊಟ್ಟಿಗೆ ಯಾಕೆ ಮುಚ್ಚೋದು, ನೊಣ ಕೂರುತ್ತೆ ಅಂತಾನಾ? ನಾನು ಓದಿದ್ದನ್ನು ಹೇಳಿದೆ. ಅವತ್ತು ಮೊದಲು ದ್ರಾಕ್ಷಾರಸಕ್ಕೆ ಮಂತ್ರ ಹೇಳುತ್ತಾರೆ, ರೊಟ್ಟಿಯ ಸರದಿ ಆಮೇಲೆ. ತನ್ನನ್ನು ಬಿಟ್ಟು ಬೇರೆಯದಕ್ಕೆ ಮರ್ಯಾದೆ ಮಾಡುವುದನ್ನು ನೋಡಿ ರೊಟ್ಟಿಗೆ ಬೇಜಾರಾಗಬಾರದು ಅಂತ ಮುಚ್ಚುತ್ತಾರಂತೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಟ್ಟೆಯನ್ನು ಕಪಾಟಿಗೆ ಹಾಕಲಿಲ್ಲ. ಒಗೆದು, ಇಸ್ತ್ರಿ ಮಾಡಿ, ಅಡುಗೆಮನೆಗೆ ತಗೊಂಡು ಹೋದರು. ಈಗ ದಿನಾ ಬೆಳಗ್ಗೆ ಕಾಫಿ ಆಗುವ ತನಕ ನಮ್ಮ ದೋಸೆ ಅದರ ಕೆಳಗೆ ಇರುತ್ತದೆ.